ಬೆನ್ನು ತಿರುಗಿಸಿ ನಿಂತವನ ಮುಖ

ಕತ್ತೆ ಹೊಡೆದುಕೊಂಡು ಸಂತೆಗೆ ಹೊರಟ ಅಪ್ಪ-ಮಗನ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮಗ ಹತ್ತಿ ಕೂತರೂ ಮಾತು, ಅಪ್ಪ ಕೂತರೂ ಮಾತು, ಇಬ್ಬರೂ ಕೂತರೂ ಮಾತು. ಊರ ಬಾಯಿಗೆ ಹೆದರಿ ಹೆದರಿ ಕೊನೆಗೆ ಕತ್ತೆಯನ್ನೇ ಕಳೆದುಕೊಳ್ಳುತ್ತಾರೆ. ವಡೋದರಾದ ಚಿತ್ರಕಾರ ಭೂಪೇನ್ ಖಖ್ಖರ್ 1981ರಲ್ಲಿ ಈ ಕತೆಯನ್ನು ಆಳೆತ್ತರದ ಕ್ಯಾನ್‌ವಾಸಿನ ಮೇಲೆ ತೈಲವರ್ಣದಲ್ಲಿ ಬರೆದರು. ಸುಮಾರು 175 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ. ಅಪ್ಪ, ಮಗ, ಕತ್ತೆ ಒಂದೇ ಚೌಕಟ್ಟಿನೊಳಗೆ ಮತ್ತೆ ಮತ್ತೆ ಕಾಣಿಸಿಕೊಂಡು ಕತೆ ಮುಂದೆ ಸಾಗುತ್ತದೆ. ಸುತ್ತ ತಮ್ಮ ತಮ್ಮ ಪಾಡಿಗೆ ಇರುವ ಊರ ಜನ. ಇದನ್ನೆಲ್ಲ ಬಾಲ್ಕನಿಯಲ್ಲಿ ನಿಂತ ಒಬ್ಬ ಮನುಷ್ಯ ನೋಡುತ್ತಿದ್ದಾನೆ. ಮೈಮೇಲೆ ಬಟ್ಟೆಯಿಲ್ಲ. ನಮಗೆ ಬೆನ್ನು ಕೊಟ್ಟು, ಊರಿನ ಕಡೆ ಮುಖ ಮಾಡಿ ನಿಂತಿದ್ದಾನೆ. ಚಿತ್ರದ ಹೆಸರು ‘ಯು ಕಾಂಟ್ ಪ್ಲೀಸ್ ಆಲ್’, ಎಲ್ಲರನ್ನೂ ಮೆಚ್ಚಿಸಲಾಗದು.

ಆ ಮನುಷ್ಯ ಖಖ್ಖರ್ ಅವರೇ. 1934ರಲ್ಲಿ ಮುಂಬೈನಲ್ಲಿ ಹುಟ್ಟಿ, ಚಾರ್ಟರ್ಡ್ ಅಕೌಂಟೆನ್ಸಿ ಓದಿ, 1962ರಲ್ಲಿ ವಡೋದರಾಕ್ಕೆ ಬಂದು ನೆಲೆಸಿದವರು. ಬಹುಕಾಲ ಲೆಕ್ಕಪತ್ರದ ಕೆಲಸ ಮಾಡಿಕೊಂಡೇ ಚಿತ್ರ ಬರೆದರು. ಕುಂಚ ಹಿಡಿಯುವುದನ್ನು ಬಹುಪಾಲು ತಾವೇ ಕಲಿತರು. 1970ರ ದಶಕದ ಅವರ ಚಿತ್ರಗಳಲ್ಲಿ ವಾಚ್ ರಿಪೇರಿಯವನು, ಕ್ಷೌರಿಕ, ಟೈಲರ್ ಬರುತ್ತಾರೆ. 1979ರಲ್ಲಿ ಇಂಗ್ಲೆಂಡಿನಲ್ಲಿ ಕೆಲಕಾಲ ಇದ್ದು, ಗಂಡಸರಿಬ್ಬರು ಮುಚ್ಚುಮರೆಯಿಲ್ಲದೆ ಒಟ್ಟಿಗೆ ಬದುಕುವುದನ್ನು ಅಲ್ಲಿ ನೋಡಿ ಬಂದರು. 1980ರಲ್ಲಿ ತಾಯಿ ತೀರಿಕೊಂಡರು. ಮರುವರ್ಷ ಈ ಚಿತ್ರ. ತಾನು ಗೇ ಎಂದು ಖಖ್ಖರ್ ಬಣ್ಣದಲ್ಲಿ ಹೇಳಿಕೊಂಡ ಚಿತ್ರ ಇದು ಎಂದೇ ವಿಮರ್ಶಕರು ಓದುತ್ತಾ ಬಂದಿದ್ದಾರೆ. ಈಗ ಅದು ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿದೆ. 2016ರಲ್ಲಿ ಟೇಟ್ ಮಾಡರ್ನ್ ಅವರ ಒಟ್ಟು ಕೆಲಸದ ದೊಡ್ಡ ಪ್ರದರ್ಶನ ಮಾಡಿದಾಗ ಇದೇ ಹೆಸರನ್ನು ಅದಕ್ಕೂ ಇಟ್ಟಿತು.

ಮೊದಲು ಬೇರೆ ಊರು, ಆಮೇಲೆ ತಾಯಿಯ ಸಾವು, ಆಮೇಲೆ ಚಿತ್ರ. ಈ ಕ್ರಮವನ್ನು ಗಮನಿಸಬೇಕು. ಮೈಸೂರಿನ, ಮಂಡ್ಯದ ಹುಡುಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ‘ಬೆಂಗಳೂರಿಗೆ ಹೋದಮೇಲೆ ನೋಡೋಣ’, ‘ಅಮ್ಮ ಇರೋ ತನಕ ಬೇಡ’ ಎಂಬ ಎರಡು ಮಾತಿನ ನಡುವೆ ಇಲ್ಲಿ ಎಷ್ಟೋ ಜನರ ಇಪ್ಪತ್ತು, ಮೂವತ್ತು ವರ್ಷ ಕಳೆದುಹೋಗುತ್ತದೆ.

ಮೈಸೂರು ನೈಜ ಚಿತ್ರಕಲೆಯನ್ನು, ಅಂದರೆ ಕಂಡದ್ದನ್ನು ಕಂಡಂತೆ ಬರೆಯುವುದನ್ನು, ಒಂದೂಕಾಲು ಶತಮಾನದಿಂದ ಬಲ್ಲ ಊರು. ಗೇ ಬದುಕೂ ಈ ಊರಿನಲ್ಲೇ ಇದೆ, ಎಲ್ಲಿಂದಲೋ ಬಂದದ್ದಲ್ಲ. ಹಾಗಿದ್ದೂ ಇವೆರಡೂ ಒಂದು ಗೋಡೆಯ ಮೇಲೆ ಏಕೆ ಸೇರುತ್ತಿಲ್ಲ? ನಾನು ಇಲ್ಲಿ ನೋಡಿರುವ ಗುಂಪು ಪ್ರದರ್ಶನಗಳಲ್ಲಿ, ದಸರಾ ಕಲಾ ಪ್ರದರ್ಶನಗಳಲ್ಲಿ, ಕಾಲೇಜುಗಳ ವಾರ್ಷಿಕ ಪ್ರದರ್ಶನಗಳಲ್ಲಿ ಇಬ್ಬರು ಗಂಡಸರ ಸಂಸಾರವನ್ನು ಸಂಸಾರವೆಂದೇ ತೋರಿಸಿದ ಒಂದು ಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಕೈಚಳಕ ಇಲ್ಲವೆಂದು ಹೀಗಾಗಿದೆ ಎನ್ನಲಾಗದು. ಕಾನೂನು ಬಿಡುವುದಿಲ್ಲ ಎಂಬ ಕಾರಣವೂ ಈಗ ಉಳಿದಿಲ್ಲ. ತೊಡಕು ಇರುವುದು ಮುಖದಲ್ಲಿ ಎಂಬುದು ನನ್ನ ಅಭಿಪ್ರಾಯ. ನೈಜ ಚಿತ್ರ ಮುಖವನ್ನು ಕೇಳುತ್ತದೆ, ಮೈಸೂರಿನಂಥ ಊರಿನಲ್ಲಿ ಪ್ರತಿ ಮುಖಕ್ಕೂ ಒಂದು ಮನೆ ಇರುತ್ತದೆ.

ನೈಜ ಶೈಲಿಯೇ ಏಕೆ ಎಂಬುದನ್ನು ಮೊದಲು ನೋಡೋಣ. ಅಮೂರ್ತ ಚಿತ್ರದಲ್ಲಿ ಒಳಗಿನ ಕುದಿಯನ್ನು ಬಣ್ಣವಾಗಿ ಹರಿಸಿ ಸುಮ್ಮನಾಗಬಹುದು. ಪುರಾಣದ ಚಿತ್ರದಲ್ಲಿ ದೇವರ ಮರೆಯಲ್ಲಿ ನಿಲ್ಲಬಹುದು. ನೈಜವಾಗಿ ಬರೆಯಲು ಕೂತವನು ಮಾತ್ರ ನೂರು ಸಣ್ಣ ವಿಷಯ ತೀರ್ಮಾನಿಸಬೇಕು. ಇವನು ಕೂತಿರುವುದು ಪ್ಲಾಸ್ಟಿಕ್ ಕುರ್ಚಿಯ ಮೇಲೋ ಬೆತ್ತದ ಕುರ್ಚಿಯ ಮೇಲೋ? ಉಟ್ಟಿರುವುದು ಲುಂಗಿಯೋ ಟ್ರ್ಯಾಕ್ ಪ್ಯಾಂಟೋ? ಗೋಡೆಗೆ ಯಾವ ದೇವರ ಕ್ಯಾಲೆಂಡರು? ಪಕ್ಕದ ಲೋಟ ಸ್ಟೀಲಿನದೋ ಗಾಜಿನದೋ? ಇದನ್ನೆಲ್ಲ ಬರೆದು ಮುಗಿಸುವ ಹೊತ್ತಿಗೆ ‘ಗೇ’ ಎಂಬ ವಿಷಯ ಹೋಗಿ, ಸಂಬಳ ಎಣಿಸುವ, ಬಾಡಿಗೆ ಕಟ್ಟುವ, ಮೊಣಕಾಲು ನೋವಿರುವ ಒಬ್ಬ ಮನುಷ್ಯ ಎದುರಿಗೆ ಕೂತಿರುತ್ತಾನೆ. ನಮ್ಮ ಸಿನಿಮಾಗಳು ದಶಕಗಳಿಂದ ಹೆಣ್ಣಿಗನನ್ನು ನಗಿಸುವುದಕ್ಕಷ್ಟೇ ತೆರೆಗೆ ತಂದಿವೆ. ಅಲ್ಲಿ ಅವನಿಗೆ ಮನೆ ಇಲ್ಲ, ಕೆಲಸ ಇಲ್ಲ, ಅವನು ಊಟ ಮಾಡುವುದನ್ನು ಯಾರೂ ನೋಡಿಲ್ಲ. ನೈಜ ಚಿತ್ರಕಾರ ಅವನಿಗೆ ಆ ಮನೆಯನ್ನೂ ಊಟವನ್ನೂ ವಾಪಸು ಕೊಡಬಲ್ಲ.

ಖಖ್ಖರ್ ಅವರದು ರವಿವರ್ಮನ ಹಾಗೆ ನಯಗಾರಿಕೆಯ ನೈಜತೆ ಅಲ್ಲ ಎಂಬುದೂ ನಿಜ. ಅವರ ಮನುಷ್ಯರ ಅಂಗಾಂಗ ಅಳತೆಗೆ ಕೂರುವುದಿಲ್ಲ, ಬಣ್ಣ ಬಜಾರಿನ ಕ್ಯಾಲೆಂಡರಿನ ಹಾಗೆ ಗಾಢ. ಆದರೆ ಅಂಗಡಿಯ ಬೋರ್ಡು, ಸ್ಟೂಲು, ಗಿರಾಕಿ ಕಾಯುವವನ ಮುಖದ ಬೇಸರ ಎಲ್ಲವೂ ಕಂಡು ಬರೆದದ್ದು. 1982ರ ‘ಟೂ ಮೆನ್ ಇನ್ ಬನಾರಸ್’ ಚಿತ್ರದಲ್ಲಿ ಇಬ್ಬರು ಗಂಡಸರು ಬೆತ್ತಲಾಗಿ ಅಪ್ಪಿ ನಿಂತಿದ್ದಾರೆ. ಪಕ್ಕದಲ್ಲೇ ಕಾಶಿಯ ನಿತ್ಯದ ವ್ಯವಹಾರ, ಸಾಧುಗಳು, ಭಕ್ತರು ತಮ್ಮಷ್ಟಕ್ಕೆ ಇದ್ದಾರೆ. ಪ್ರೀತಿಯನ್ನು ಊರಿನಿಂದ ಆಚೆ ಒಯ್ಯಲು ಖಖ್ಖರ್ ಒಪ್ಪಲಿಲ್ಲ. ಈ ಚಿತ್ರ 2019ರಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ ಸುಮಾರು 25 ಲಕ್ಷ ಪೌಂಡಿಗೆ ಹೋಯಿತು. ಬರೆದವರು 2003ರಲ್ಲೇ ತೀರಿಕೊಂಡಿದ್ದರು. ಅವರು ಬದುಕಿದ್ದ ಅಷ್ಟೂ ಕಾಲ ಅವರ ಪ್ರೀತಿ ಈ ದೇಶದ ದಂಡಸಂಹಿತೆಯ ಪ್ರಕಾರ ಅಪರಾಧವಾಗಿತ್ತು.

ಈ ದಾರಿಯನ್ನು ಇಂದು ಮುಂದೆ ಒಯ್ಯುತ್ತಿರುವವರಲ್ಲಿ ನನಗೆ ಮುಖ್ಯವೆನಿಸುವವರು ಸಲ್ಮಾನ್ ತೂರ್. 1983ರಲ್ಲಿ ಲಾಹೋರಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕೆಲಸ ಮಾಡುವವರು. 2020-21ರಲ್ಲಿ ಅಲ್ಲಿನ ವಿಟ್ನಿ ಮ್ಯೂಸಿಯಂ ಅವರ ಚಿತ್ರಗಳ ಪ್ರದರ್ಶನ ನಡೆಸಿತು. 2024ರಲ್ಲಿ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲೂ ಅವರ ಚಿತ್ರಗಳಿದ್ದವು. ಹಸಿರು ಮಿಂದ ಕೋಣೆಗಳು, ತೆಳ್ಳಗಿನ ಕಂದು ಮೈಯ ಹುಡುಗರು, ಕೈಯಲ್ಲಿ ಮೊಬೈಲು. ಅವರ ಒಂದು ಚಿತ್ರದಲ್ಲಿ ಯುವಕನೊಬ್ಬ ಮೇಜಿನ ಮುಂದೆ ನಿಂತಿದ್ದಾನೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಚೀಲ ಬಿಚ್ಚಿ ಹರಡಿದಂತೆ ಅವನ ಸಾಮಾನು ಮೇಜಿನ ಮೇಲಿದೆ. ಮುಖಕ್ಕೆ ಹಚ್ಚುವ ಕ್ರೀಮು, ಫೋನಿನ ಪ್ಲಗ್ಗು. ಅಷ್ಟೇ. ಅವನ ಗುಟ್ಟೆಲ್ಲ ಆ ಕ್ರೀಮಿನ ಡಬ್ಬಿಯಲ್ಲಿ ಬಯಲಾಗಿ ಕೂತಿದೆ. ಹಾಸ್ಟೆಲಿನಲ್ಲಿ ರೂಮ್‌ಮೇಟು ಬೀರು ತೆಗೆದಾಗ ಎದೆ ಧಸಕ್ಕೆಂದವರಿಗೆ ಈ ಚಿತ್ರ ಅರ್ಥವಾಗಲು ಲಾಹೋರಾಗಲಿ ನ್ಯೂಯಾರ್ಕಾಗಲಿ ಗೊತ್ತಿರಬೇಕಿಲ್ಲ.

ಇನ್ನು ಮೈಸೂರಿಗೆ ಬರೋಣ. 1861ರ ಜಗನ್ಮೋಹನ ಅರಮನೆಯಲ್ಲಿ 1915ರಿಂದ ಚಿತ್ರಶಾಲೆ ಇದೆ. ರವಿವರ್ಮನ ತೈಲಚಿತ್ರಗಳಿಗೆ ಎಷ್ಟು ಜನ ಬರುತ್ತಾರೋ ಚಿತ್ರಕಾರ ಎಸ್.ಎಲ್. ಹಲ್ದಣಕರ್ ಅವರ ದೀಪದ ಹೆಂಗಸಿಗೂ ಅಷ್ಟೇ ಜನ. ಅದು ಎಣ್ಣೆಬಣ್ಣ ಅಲ್ಲ, ಜಲವರ್ಣ. ಹುಡುಗಿ ಒಂದು ಕೈಯಲ್ಲಿ ದೀಪ ಹಿಡಿದು ಇನ್ನೊಂದು ಅಂಗೈಯಿಂದ ಗಾಳಿಗೆ ಮರೆ ಮಾಡಿದ್ದಾಳೆ. ಆ ಮರೆಮಾಡಿದ ಬೆರಳುಗಳ ಸಂದಿಯಲ್ಲಿ ರಕ್ತದ ಕೆಂಪು ಹೊಳೆಯುತ್ತದೆ; ಬೆಳಕು ಚರ್ಮದ ಮೇಲೆ ಬಿದ್ದಿಲ್ಲ, ಚರ್ಮದೊಳಗಿಂದ ಬರುತ್ತಿದೆ ಎನಿಸುತ್ತದೆ. ಕೂತವಳು ಚಿತ್ರಕಾರರ ಮಗಳೇ. ಇಂಥ ಬೆರಳು ಬರೆಯಬೇಕಾದರೆ ಆ ಕೈಯ ಮೇಲೆ ಅಕ್ಕರೆ ಇರಬೇಕು. ನೈಜ ಚಿತ್ರಕಲೆಯ ಅಸಲು ಬಂಡವಾಳ ಇದು: ಎದುರಿಗೆ ಕೂತ ಮೈಯನ್ನು ಅಕ್ಕರೆಯಿಂದ ದಿನಗಟ್ಟಲೆ ನೋಡುವುದು. ಗಂಡಸಿನ ಕೈಯನ್ನು ಇನ್ನೊಬ್ಬ ಗಂಡಸು ಅಷ್ಟು ಹೊತ್ತು, ಅಷ್ಟೇ ಅಕ್ಕರೆಯಿಂದ ನೋಡಿ ಬರೆದರೆ ಅದಕ್ಕೂ ಅದೇ ಬೆಳಕು ಬರುತ್ತದೆ.

ದೊಡ್ಡ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳೂ ಈ ವಿಷಯಕ್ಕೆ ಬೇಕು. ಜಂಬೂಸವಾರಿಯ ಮೆರವಣಿಗೆಯನ್ನು ಮೈಸೂರಿನ ಚಿತ್ರಕಾರರು ಫೋಟೊಗಳನ್ನು ಎದುರಿಗಿಟ್ಟುಕೊಂಡು 26 ಫಲಕಗಳಲ್ಲಿ ಬರೆದಿದ್ದಾರೆ. ಆನೆ, ಅಂಬಾರಿ, ಬ್ಯಾಂಡು, ಸರ್ದಾರರು, ಬೀದಿ ಬದಿಯ ಜನ. ಅಲ್ಲಿನ ಮುಖಗಳು ಮಾದರಿ ಮುಖಗಳಲ್ಲ, ಆ ಕಾಲದ ನಿಜವಾದ ಮನುಷ್ಯರದು. ಅಷ್ಟು ಸಾವಿರ ಗಂಡಸರಲ್ಲಿ ಸಂಜೆ ಮನೆಗೆ ಹೋಗಿ ಇನ್ನೊಬ್ಬ ಗಂಡಸಿನ ನೆನಪಲ್ಲಿ ಮಲಗಿದವರು ಎಷ್ಟು ಜನವೋ ಎಂದು ಆ ಗೋಡೆಯ ಮುಂದೆ ನಿಂತಾಗೆಲ್ಲ ನಾನು ಯೋಚಿಸಿದ್ದೇನೆ. ಅವರೂ ಆ ಸಾಲಿನಲ್ಲಿ ಇದ್ದಾರೆ. ಗುರುತು ಇಲ್ಲ ಅಷ್ಟೆ.

1906ರಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ ಅಡಿಗಲ್ಲು ಬಿದ್ದ ಮೇಲೆ, 1980ರ ದಶಕದಲ್ಲಿ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಶುರುವಾದ ಮೇಲೆ, ಈ ಕೈಚಳಕ ಅರಮನೆಯಿಂದ ಹೊರಗೆ ಬಂತು. ಮಂಡ್ಯ, ಚಾಮರಾಜನಗರ, ಹಾಸನದ ಹಳ್ಳಿಗಳ ಮಕ್ಕಳು ಬಂದು ಕಲಿತರು. ಅವರು ಬರೆದದ್ದರಲ್ಲಿ ಆಲೆಮನೆ ಇದೆ, ನಾಟಿ ಹಾಕುವ ಹೆಂಗಸರಿದ್ದಾರೆ, ದೇವರಾಜ ಮಾರುಕಟ್ಟೆಯ ಹೂವಿನ ರಾಶಿ ಇದೆ, ಚಾಮುಂಡಿ ಬೆಟ್ಟದ ಮೆಟ್ಟಿಲಿದೆ. ಗರಡಿಮನೆಯೂ ಇದೆ. ಮೈಸೂರಿನ ಗರಡಿಗಳಲ್ಲಿ ಕೆಮ್ಮಣ್ಣಿನ ಮಟ್ಟಿಯ ಮೇಲೆ ಬೆಳಗಿನ ಹೊತ್ತು ಇಬ್ಬರು ಪೈಲ್ವಾನರು ಒಬ್ಬರ ಭುಜಕ್ಕೆ ಒಬ್ಬರು ಹಣೆ ಒತ್ತಿ ನಿಲ್ಲುತ್ತಾರೆ. ಬೆನ್ನಿನ ಬೆವರಿಗೆ ಮಣ್ಣು ಮೆತ್ತಿರುತ್ತದೆ. ಇದನ್ನು ಶೌರ್ಯವೆಂದು ಎಷ್ಟೋ ಜನ ಬರೆದಿದ್ದಾರೆ, ಅದು ಸರಿಯೇ. ಕುಸ್ತಿಯನ್ನು ಬೇರೇನೋ ಎಂದು ಓದಬೇಕೆಂದು ನಾನು ಹೇಳುತ್ತಿಲ್ಲ. ಗಂಡಸಿನ ಮೈಯನ್ನು ಹತ್ತಿರದಿಂದ, ಗೌರವದಿಂದ ನೋಡುವ ಕಣ್ಣು ಈ ಊರಿನ ಚಿತ್ರಕಾರನಿಗೆ ಆಗಲೇ ಇದೆ. ಅದನ್ನು ಗರಡಿಯಿಂದ ಒಂದು ಬಾಡಿಗೆ ಮನೆಯ ಅಡುಗೆಕೋಣೆಗೆ ತಿರುಗಿಸಿದವರಿಲ್ಲ ಎಂಬುದು ನನ್ನ ಕೊರಗು.

ಕಾನೂನಿನ ಕತೆ ಬಹುಮಂದಿಗೆ ಗೊತ್ತಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 1860ರ ದಂಡಸಂಹಿತೆಯ 377ನೇ ಕಲಮನ್ನು ದೆಹಲಿ ಹೈಕೋರ್ಟ್ 2009ರಲ್ಲಿ ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಬಿಗಿ ಮಾಡಿತು. ಗಾಳಿ ತಿರುಗಿದ್ದು 2017ರ ಖಾಸಗಿತನದ ತೀರ್ಪಿನಲ್ಲಿ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಅವರು ಕೋರ್ಟಿಗೆ ಹೋದದ್ದು ಆಧಾರ್ ವಿಚಾರಕ್ಕೆ. ಒಬ್ಬರ ಲೈಂಗಿಕ ಒಲವು ಅವರ ಖಾಸಗಿತನದ ತಿರುಳು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಅದರ ಬಲದಿಂದ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಒಪ್ಪಿತ ಸಂಬಂಧ ಅಪರಾಧದ ಪಟ್ಟಿಯಿಂದ ಹೊರಬಂತು. ಇತಿಹಾಸ ಈ ಜನರ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377 ಇಲ್ಲವೇ ಇಲ್ಲ. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಎರಡು ಸ್ಪಷ್ಟನೆ ಕೊಟ್ಟಿತು: ಸಂಗಾತಿಗಳಿಬ್ಬರು ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲ, ಪಡಿತರ ಚೀಟಿಗೆ ಅವರನ್ನು ಒಂದೇ ಕುಟುಂಬವೆಂದು ಪರಿಗಣಿಸಬೇಕು.

ಅಂದರೆ ರೇಷನ್ ಕಾರ್ಡಿನಲ್ಲಿ ಇಬ್ಬರ ಹೆಸರಿಗೆ ಜಾಗ ಸಿಕ್ಕಿತು. ಗೋಡೆಯ ಮೇಲೆ ಇಬ್ಬರ ಚಿತ್ರಕ್ಕೆ ಇನ್ನೂ ಸಿಕ್ಕಿಲ್ಲ. ಏಕೆ ಎಂದು ತಿಳಿಯಲು ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಮಂಡ್ಯ ಜಿಲ್ಲೆಯ ಹಳ್ಳಿ, ಎರಡೆಕರೆ ಕಬ್ಬಿನ ಮನೆ. ಪುಶ್‌ಪುಲ್ ರೈಲಿನಲ್ಲಿ ದಿನಾ ಮೈಸೂರಿಗೆ ಬಂದು ಬಿ.ಎಫ್.ಎ. ಓದುತ್ತಾನೆ. ಕೈ ಚೆನ್ನಾಗಿದೆ, ಭಾವಚಿತ್ರದಲ್ಲಿ ತರಗತಿಗೇ ಮೊದಲು. ಅವನಿಗೊಬ್ಬ ಗೆಳೆಯ ಇದ್ದಾನೆ, ನಗರದಲ್ಲೇ ಯಾವುದೋ ಅಂಗಡಿಯಲ್ಲಿ ಕೆಲಸ. ಅವನನ್ನು ಬರೆಯಬೇಕೆಂದು ಆಸೆ.

ಬರೆದರೆ ಏನಾಗುತ್ತದೆ? ಚಿತ್ರ ಕಾಲೇಜಿನ ಗೋಡೆಗೆ ಹೋಗುತ್ತದೆ. ಸಹಪಾಠಿ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕುತ್ತಾನೆ. ಸಂಜೆಯೊಳಗೆ ಅದು ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿರುತ್ತದೆ. ‘ಇವ್ನು ಯಾರ ಮಗ?’ ಎಂಬ ಪ್ರಶ್ನೆಗೆ ಮಂಡ್ಯದಲ್ಲಿ ಉತ್ತರ ಸಿಗಲು ಎರಡು ಫೋನು ಸಾಕು. ಚಿತ್ರಕಾರ ತನ್ನ ಗುಟ್ಟನ್ನು ಬಿಚ್ಚಿಡಲು ತಯಾರಿರಬಹುದು; ಮಾದರಿಯಾಗಿ ಕೂತವನ ಗುಟ್ಟನ್ನೂ ಅದರ ಜತೆ ಬಿಚ್ಚಿಟ್ಟಂತಾಯಿತು. ಹೋಲಿಕೆ ಚೆನ್ನಾಗಿ ಬಂದಷ್ಟೂ ಅಪಾಯ ಹೆಚ್ಚು. ಮುಖ ಮಸುಕು ಮಾಡಿದರೆ ಅವನು ಕಲಿತ ವಿದ್ಯೆಯ ಕುತ್ತಿಗೆಯನ್ನೇ ಹಿಸುಕಿದಂತೆ. ಈ ಇಕ್ಕಟ್ಟು ಕವಿಗೆ ಇಲ್ಲ. ಕವಿ ‘ನೀನು’ ಎಂದು ಬರೆದು ನಿಲ್ಲಿಸಬಹುದು. ಕಾದಂಬರಿಕಾರ ಹೆಸರು ಬದಲಿಸಬಹುದು. ನೈಜ ಚಿತ್ರಕಾರನಿಗೆ ಮೂಗು ಮೂಗೇ ಆಗಬೇಕು.

ಜಗತ್ತಿನ ಚಿತ್ರಕಾರರು ಈ ಇಕ್ಕಟ್ಟನ್ನು ದಾಟಿದ ದಾರಿಗಳನ್ನು ಕಲಾಶಾಲೆಗಳಲ್ಲಿ ಕಲಿಸಬೇಕು. ಖಖ್ಖರ್ ಬೆನ್ನು ತಿರುಗಿಸಿ ನಿಂತರು. ಆ ಬೆನ್ನನ್ನು ನಾಚಿಕೆ ಎಂದು ಓದುವವರಿದ್ದಾರೆ, ನನಗೆ ಹಾಗೆ ಕಾಣುವುದಿಲ್ಲ. ಬಟ್ಟೆ ಬಿಚ್ಚಿದ್ದಾರೆ, ಊರಿಗೆ ಎದುರಾಗಿ ನಿಂತಿದ್ದಾರೆ. ನೋಡುವ ನಮಗೆ ಮುಖ ಕೊಡುವುದನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ. ಸಲ್ಮಾನ್ ತೂರ್ ಮುಖಗಳನ್ನು ಕಲ್ಪಿಸಿಕೊಂಡು ಬರೆಯುತ್ತಾರೆ. ಕೋಣೆ ನಿಜ, ಕ್ರೀಮಿನ ಡಬ್ಬಿ ನಿಜ, ಮುಖ ಯಾರದೂ ಅಲ್ಲ. ಹಾಗಾಗಿ ಯಾರ ಮನೆಯ ಬಾಗಿಲೂ ತಟ್ಟುವುದಿಲ್ಲ. ಅಮೆರಿಕದ ಪಾಲ್ ಕಾಡ್ಮಸ್ 1934ರಲ್ಲಿ ರಜೆಯ ಮೇಲೆ ದಡಕ್ಕಿಳಿದ ನಾವಿಕರ ಗುಂಪನ್ನು ಬರೆದಾಗ ಅದರೊಳಗೆ ಕೆಂಪು ಟೈ ಕಟ್ಟಿದ ಒಬ್ಬನನ್ನು ಸೇರಿಸಿದರು. ಅವನು ಒಬ್ಬ ನಾವಿಕನಿಗೆ ಸಿಗರೇಟು ನೀಡುತ್ತಿದ್ದಾನೆ. ಕೆಂಪು ಟೈ ಆಗ ಗೇ ಗಂಡಸರ ಗುರುತು, ಬಲ್ಲವರಿಗೆ ಮಾತ್ರ ಅದು ಸನ್ನೆ. ಕುಡಿದು ತೂರಾಡುವ ನಾವಿಕರನ್ನು ಕಂಡು ನೌಕಾಪಡೆ ಸಿಟ್ಟಿಗೆದ್ದು ಚಿತ್ರವನ್ನು ವಾಷಿಂಗ್ಟನ್ನಿನ ಪ್ರದರ್ಶನದಿಂದ ತೆಗೆಸಿತು, ಆ ಗಲಾಟೆಯಿಂದಲೇ ಕಾಡ್ಮಸ್ ಹೆಸರು ಮನೆಮಾತಾಯಿತು.

ಮೈಸೂರಿನ ಹುಡುಗನಿಗೆ ಇನ್ನೂ ಒಂದು ದಾರಿ ಇದೆ ಎಂದು ನನ್ನ ನಂಬಿಕೆ: ಮನುಷ್ಯರಿಲ್ಲದ ಕೋಣೆ. ಒಂದು ಚಾಪೆ, ಎರಡು ದಿಂಬು. ಬಾಗಿಲ ಹಿಂದೆ ಬೇರೆ ಬೇರೆ ಅಳತೆಯ ಎರಡು ಶರ್ಟು. ಒಂದೇ ಲೋಟದಲ್ಲಿ ಎರಡು ಬ್ರಷ್ಷು. ಗೋಡೆಗೆ ಚಾಮುಂಡೇಶ್ವರಿ ಕ್ಯಾಲೆಂಡರು. ಇದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಆದರೆ ನೋಡಿದವರಿಗೆ ಎಲ್ಲ ಗೊತ್ತಾಗುತ್ತದೆ.

ಇನ್ನು ಎಲ್ಲಿ ತೂಗುಹಾಕುವುದು? ಮೈಸೂರಿನಲ್ಲಿ ಪ್ರದರ್ಶನದ ಜಾಗಗಳು ಬಹುಪಾಲು ಸರ್ಕಾರದ್ದು ಅಥವಾ ಕಾಲೇಜಿನದ್ದು. ಕಲಾಮಂದಿರದ ಆವರಣದ ಸುಚಿತ್ರ ಗ್ಯಾಲರಿ, ಕಾವಾ, ದಸರಾ ಸಮಿತಿಯ ಪ್ರದರ್ಶನ. ಸರ್ಕಾರಿ ಜಾಗ ನಡೆಸುವವರಿಗೆ ಒಂದೇ ಭಯ: ನಾಳೆ ಬೆಳಿಗ್ಗೆ ಯಾರಾದರೂ ಬಂದು ಗಲಾಟೆ ಮಾಡಿದರೆ? ಈ ಭಯ ಹುಸಿ ಅಲ್ಲ. 2012ರ ಜನವರಿಯಲ್ಲಿ ದೆಹಲಿಯ ಲಲಿತ ಕಲಾ ಅಕಾಡೆಮಿಯಲ್ಲಿ ಸಲಿಂಗ ಪ್ರೇಮದ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿದ್ದ ಬಲಬೀರ್ ಕೃಷನ್ ಅವರ ಮೇಲೆ ಮುಸುಕುಧಾರಿಯೊಬ್ಬ ಹಲ್ಲೆ ಮಾಡಿದ. ಕೃಷನ್ ರೈಲು ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡವರು, ಉತ್ತರ ಪ್ರದೇಶದ ಹಳ್ಳಿಯಿಂದ ಬಂದವರು. 2007ರಲ್ಲಿ ವಡೋದರಾದ ಕಲಾಶಾಲೆಯಲ್ಲೇ ವಿದ್ಯಾರ್ಥಿಯೊಬ್ಬನ ಪರೀಕ್ಷೆಯ ಚಿತ್ರಗಳಿಗೆ ಧರ್ಮದ ಹೆಸರಿನಲ್ಲಿ ದಾಳಿ ನಡೆದು, ವಿದ್ಯಾರ್ಥಿಯ ಬಂಧನವಾಯಿತು, ಅವನ ಪರ ನಿಂತ ಡೀನ್ ಅಮಾನತಾದರು. ಅಲ್ಲಿ ವಿಷಯ ಬೇರೆ, ಆದರೆ ಕಲಾಶಾಲೆಗಳು ಅದರಿಂದ ಕಲಿತ ಪಾಠ ‘ರಗಳೆ ಬೇಡ’ ಎಂಬುದು. ಗ್ಯಾಲರಿಯವರು ಚಿತ್ರವನ್ನು ತಿರಸ್ಕರಿಸಿ ಪತ್ರ ಕೊಡಬೇಕಾದ ಸಂದರ್ಭವೇ ಬರುವುದಿಲ್ಲ, ಹುಡುಗ ಚಿತ್ರವನ್ನು ಅಲ್ಲಿಗೆ ಒಯ್ಯುವುದೇ ಇಲ್ಲ.

ಕಾನೂನು ಈ ಭಯಕ್ಕಿಂತ ಬಹಳ ಮುಂದಿದೆ, ಇದನ್ನು ಗ್ಯಾಲರಿ ನಡೆಸುವವರು ತಿಳಿದಿರಬೇಕು. ಅಶ್ಲೀಲತೆಯ ಹಳೆಯ 292ನೇ ಕಲಂ ಈಗ ನ್ಯಾಯ ಸಂಹಿತೆಯ 294. ಕಲೆ, ಸಾಹಿತ್ಯ, ವಿಜ್ಞಾನದ ಹಿತಕ್ಕಾಗಿ ಇರುವುದಕ್ಕೆ ಅದರಲ್ಲೇ ವಿನಾಯಿತಿ ಇದೆ. ಪ್ರಾಚೀನ ದೇಗುಲಗಳ ಶಿಲ್ಪಕ್ಕೂ ಇದೆ. 2008ರಲ್ಲಿ ಎಂ.ಎಫ್. ಹುಸೇನ್ ಅವರ ಮೇಲಿನ ಮೊಕದ್ದಮೆಗಳನ್ನು ದೆಹಲಿ ಹೈಕೋರ್ಟ್ ರದ್ದು ಮಾಡಿತು. 2014ರಲ್ಲಿ ಸುಪ್ರೀಂ ಕೋರ್ಟ್, ಬೆತ್ತಲೆ ಎಂದ ಮಾತ್ರಕ್ಕೆ ಅಶ್ಲೀಲ ಆಗುವುದಿಲ್ಲ, ಇಂದಿನ ಸಮಾಜದ ಅಳತೆಗೋಲಿನಿಂದ ಅಳೆಯಬೇಕು ಎಂದಿತು. 2024ರ ಅಕ್ಟೋಬರಿನಲ್ಲಿ ಕಸ್ಟಮ್ಸ್ ಅಧಿಕಾರಿಗಳು ಹಿಡಿದಿಟ್ಟಿದ್ದ ಎಫ್.ಎನ್. ಸೋಜಾ ಮತ್ತು ಅಕ್ಬರ್ ಪದಮ್‌ಸಿ ಅವರ ಕಲಾಕೃತಿಗಳನ್ನು ಬಿಡುಗಡೆ ಮಾಡಲು ಬಾಂಬೆ ಹೈಕೋರ್ಟ್ ಆದೇಶಿಸಿತು. ಇವೆಲ್ಲ ಬೆತ್ತಲೆ ಮೈಯ ಪ್ರಶ್ನೆಗಳು. ಬಟ್ಟೆ ತೊಟ್ಟು ಕಾಫಿ ಕುಡಿಯುತ್ತ ಕೂತ ಇಬ್ಬರು ಗಂಡಸರ ಚಿತ್ರದ ವಿಚಾರದಲ್ಲಿ ಕೇಳುವುದಕ್ಕೆ ಪ್ರಶ್ನೆಯೇ ಇಲ್ಲ.

ಒಂದು ವಿಷಯವನ್ನು ಇಲ್ಲಿ ಸೇರಿಸದೆ ಹೋದರೆ ತಪ್ಪಾಗುತ್ತದೆ. ಗೇ ಗಂಡಸು, ಅದರಲ್ಲೂ ಓದಿದ ಮಧ್ಯಮ ವರ್ಗದವನು, ಬೇಕಾದಾಗ ಬಚ್ಚಿಟ್ಟುಕೊಳ್ಳಬಲ್ಲ. ಮಂಗಳಮುಖಿಯರಿಗೆ, ಜೋಗಪ್ಪಗಳಿಗೆ ಆ ಅನುಕೂಲ ಎಂದೂ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಸಿಗ್ನಲ್ಲಿನಲ್ಲಿ ಕಲ್ಲು, ಬೈಗುಳ, ಪೊಲೀಸರ ಲಾಠಿ ತಿಂದವರು ಅವರು. ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, ಪದ್ಮಶ್ರೀ ಪಡೆದದ್ದು ನಾಡಿನ ಹೆಮ್ಮೆ. ಆದರೆ ಅವರಂಥವರ ಮೈಮಾತ್ರ ಕಣ್ಣಿಗೆ ಬಿದ್ದು, ಉಳಿದವರು ಮರೆಯಲ್ಲೇ ಉಳಿದರೆ ಭಾರವೆಲ್ಲ ಕಾಣಿಸುವವರ ಹೆಗಲ ಮೇಲೇ ಬೀಳುತ್ತದೆ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರ ಅಶೋದಯ ಸಮಿತಿ ಹೆಂಗಸರು, ಗಂಡಸರು, ಟ್ರಾನ್ಸ್‌ಜೆಂಡರ್ ಸಮುದಾಯದವರನ್ನು ಒಟ್ಟಿಗೆ ಕಟ್ಟಿದ್ದು ಈ ಭಾರ ಹಂಚಿಕೊಳ್ಳುವ ಕೆಲಸವೇ. ಪರಸ್ಪರ ಪ್ರೀತಿಸುವ ಹೆಂಗಸರ ಚಿತ್ರಗಳಂತೂ ಇನ್ನೂ ವಿರಳ. ಅದನ್ನು ಬರೆಯಬೇಕಾದವರು ಹೆಂಗಸರೇ, ಅವರಿಗೆ ಸ್ವಂತದ್ದೊಂದು ಕೋಣೆ ಸಿಗುವುದೇ ಗಂಡಸರಿಗಿಂತ ಕಷ್ಟ.

ಹಾಗಾದರೆ ಮೈಸೂರಿನಲ್ಲಿ ಎಲ್ಲಿಂದ ಶುರುಮಾಡಬಹುದು? ಗ್ಯಾಲರಿಯಿಂದ ಅಲ್ಲ, ಮನೆಯಿಂದ ಎಂದು ನನಗನಿಸುತ್ತದೆ. ಈ ಊರಿನಲ್ಲಿ ಭಾವಚಿತ್ರ ಬರೆಸುವ ರೂಢಿ ಇನ್ನೂ ಜೀವಂತವಾಗಿದೆ. ತಾತನ ಹಳೆಯ ಫೋಟೊ ಕೊಟ್ಟರೆ ತೈಲವರ್ಣದಲ್ಲಿ ದೊಡ್ಡದು ಮಾಡಿಕೊಡುವ ಚಿತ್ರಕಾರರಿದ್ದಾರೆ, ಎಷ್ಟೋ ಜನರ ಹೊಟ್ಟೆಪಾಡು ಅದೇ. ಮದುವೆಯಾದ ಪ್ರತಿ ಜೋಡಿಯ ನಡುಮನೆಯಲ್ಲಿ ಪೇಟ, ಬಾಸಿಂಗದ ಫೋಟೊ ಇರುತ್ತದೆ. ಹದಿನೈದು, ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬದುಕಿದ ಇಬ್ಬರು ಗಂಡಸರ ಮನೆಯಲ್ಲಿ ಏನಿದೆ? ಕಾನೂನು ಮದುವೆ ಕೊಡಲಿಲ್ಲ, ಹಾಗಾಗಿ ಫೋಟೊಗ್ರಾಫರ್ ಬರಲಿಲ್ಲ.

ಡೇವಿಡ್ ಹಾಕ್ನಿ 1968ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂಥ ಒಂದು ಜೋಡಿಯನ್ನು ಬರೆದರು. ಒಬ್ಬರು ಲೇಖಕ, ಇನ್ನೊಬ್ಬರು ಅವರಿಗಿಂತ ಬಹಳ ಚಿಕ್ಕ ವಯಸ್ಸಿನ ಚಿತ್ರಕಾರ. ಎರಡು ಕುರ್ಚಿ. ಮುಂದೆ ತಗ್ಗು ಮೇಜು, ಅದರ ಮೇಲೆ ಪುಸ್ತಕ, ಬಟ್ಟಲಲ್ಲಿ ಹಣ್ಣು. ಚಿಕ್ಕವರು ನೇರ ನಮ್ಮನ್ನು ನೋಡುತ್ತಾರೆ, ಹಿರಿಯರು ಮುಖ ತಿರುಗಿಸಿ ತಮ್ಮ ಸಂಗಾತಿಯನ್ನು ನೋಡುತ್ತಾರೆ. ಇಬ್ಬರೂ ಬಟ್ಟೆ ತೊಟ್ಟಿದ್ದಾರೆ, ಯಾರೂ ಯಾರನ್ನೂ ಮುಟ್ಟಿಲ್ಲ. ಹತ್ತಡಿಯಷ್ಟು ಅಗಲದ ಆ ಚಿತ್ರದಲ್ಲಿ ಗಂಡ-ಹೆಂಡತಿಯ ಹಳೆಯ ಜೋಡಿ ಭಾವಚಿತ್ರಗಳ ಗಾಂಭೀರ್ಯವೆಲ್ಲ ಇದೆ. ಆಗ ಕ್ಯಾಲಿಫೋರ್ನಿಯಾದಲ್ಲೂ ಅವರ ಸಂಬಂಧ ಅಪರಾಧವೇ. ಅಲ್ಲಿ ಕಾನೂನು ಬದಲಾದದ್ದು 1976ರಲ್ಲಿ. ಚಿತ್ರ ಕಾನೂನಿಗೆ ಕಾಯಲಿಲ್ಲ.

ನಮ್ಮಲ್ಲಿ ಕಾನೂನು ಆಗಲೇ ಅಷ್ಟು ದೂರ ಬಂದಿದೆ. ಜೋಡಿ ಭಾವಚಿತ್ರಕ್ಕೆ ಆಯ್ಕೆ ಸಮಿತಿ ಬೇಕಿಲ್ಲ, ಉದ್ಘಾಟನೆ ಬೇಕಿಲ್ಲ, ಸ್ಟೇಟಸ್ಸಿಗೆ ಹಾಕಬೇಕಿಲ್ಲ. ಬರೆಸುವವರು ಕೂರಲು ಒಪ್ಪಿದ್ದಾರೆ, ಚಿತ್ರ ಅವರ ಮನೆಯಲ್ಲೇ ಇರುತ್ತದೆ, ಯಾರಿಗೆ ತೋರಿಸಬೇಕೆಂಬುದು ಅವರ ಕೈಯಲ್ಲೇ ಇರುತ್ತದೆ. ಹಾಗಾಗಿ ಮುಖದ ತೊಡಕು ಇಲ್ಲಿ ತಾನಾಗಿ ಬಗೆಹರಿಯುತ್ತದೆ. ಕಾವಾದಲ್ಲಿ ಓದಿ ಹೊರಬಂದು ಕೆಲಸಕ್ಕೆ ಕಾಯುವ ಹುಡುಗನಿಗೆ ನಾಲ್ಕು ಕಾಸೂ ಆಗುತ್ತದೆ. ಚಿತ್ರಕಾರ ಗೇ ಆಗಿರಲೇಬೇಕೆಂದೂ ಇಲ್ಲ. ಎದುರಿಗಿನ ಮೈಯನ್ನು ಹಲ್ದಣಕರ್ ತಮ್ಮ ಮಗಳ ಬೆರಳು ನೋಡಿದಷ್ಟು ಗಮನದಿಂದ ನೋಡಿದರಾಯಿತು. ಬರೆಸುವವರಲ್ಲಿ ನನ್ನದೊಂದು ಕೋರಿಕೆ ಇದೆ: ಕ್ಯಾನ್‌ವಾಸಿನ ಹಿಂದೆ ಪೆನ್ಸಿಲಿನಲ್ಲಾದರೂ ಇಬ್ಬರ ಹೆಸರು, ಊರು, ಇಸವಿ ಬರೆಸಿ. ಐವತ್ತು ವರ್ಷ ಕಳೆದು ಆ ಚಿತ್ರ ಯಾವುದೋ ಸಂಗ್ರಹಕ್ಕೆ ಹೋದಾಗ, ‘ಇಬ್ಬರು ಗೆಳೆಯರು, ಮೈಸೂರು’ ಎಂದು ಚೀಟಿ ಅಂಟಿಸುವ ಮೊದಲು ಅಲ್ಲಿನವರು ಹಿಂದೆ ತಿರುಗಿಸಿ ನೋಡುತ್ತಾರೆ.